ಕೈಬ್ರೇಕಿನ ತಂತಿ

ಮಿಸೊ ಸಾರು ಗಂಟಲಿನಿಂದ ಕೆಳಗಿಳಿಯಲಿಲ್ಲ. ಮುನಕಾತ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತುಟಿಯವರೆಗೆ ತಂದು, ಕುಡಿದವನ ಹಾಗೆ ಗಂಟಲು ಆಡಿಸಿ, ಮತ್ತೆ ಕೆಳಗಿಟ್ಟ. ಆಗಸ್ಟ್ ಮುಗಿಯುತ್ತ ಬಂದಿದ್ದರೂ ಬೆಳಿಗ್ಗೆಯೇ ಸೆಕೆ. ಕಿಟಕಿಯಾಚೆ ಜೀರುಂಡೆಗಳು ಕಿವಿ ಕೊರೆಯುತ್ತಿದ್ದವು. ಎದುರಿಗೆ ಕುಳಿತಿದ್ದ ಹೆಂಡತಿ ಮಿಚಿಯೊ ಊಟದ ಕಡ್ಡಿಗಳನ್ನು ಕೆಳಗಿಟ್ಟು ಅವನ ಬಟ್ಟಲಿನೊಳಗೆ ಇಣುಕಿದಳು.

"ಏನ್ರೀ ಇದು? ಒಂದು ತಿಂಗಳಿಂದ ನೋಡ್ತಾ ಇದೀನಿ, ಸಾರು ಹೋದ ಹಾಗೇ ವಾಪಸ್ ಬರ್ತಿದೆ. ಉಪ್ಪು ಜಾಸ್ತಿ ಆಗಿದ್ರೆ ಬಾಯಿಬಿಟ್ಟು ಹೇಳಬಾರದಾ?"

"ಉಪ್ಪು ಸರಿಯಾಗಿದೆ."

"ಮತ್ತೆ? ಕುರಾಮಿತ್ಸು ಅಂಗಡಿ ಮಿಸೊ ಕಣ್ರೀ ಇದು. ಊರವರೆಲ್ಲ ಸಾಲಲ್ಲಿ ನಿಂತು ತಗೊಳ್ಳೋದನ್ನ ನಿಮಗೆ ಡಬ್ಬಿ ತುಂಬ ಸುಮ್ನೆ ಕೊಟ್ಟಿದ್ದಾರೆ. ಇದೂ ರುಚಿಸಲ್ಲ ಅಂದ್ರೆ ನಿಮ್ಮ ನಾಲಿಗೆಗೇ ಏನೋ ಬಂದಿದೆ."

ಸುಮ್ಮನೆ ಕೊಟ್ಟದ್ದಲ್ಲ ಎಂದು ಹೇಳಬೇಕೆನಿಸಿತು. ಯಾರು ಯಾರಿಗೆ ಏನನ್ನು ಸುಮ್ಮನೆ ಕೊಡುತ್ತಾರೆ? ಚೆರಿ ಹೂ ಬಿಡುವುದಕ್ಕೆ ಮುಂಚೆ, ಸಮುದ್ರದ ಗಾಳಿ ಇನ್ನೂ ಮೂಳೆ ಕೊರೆಯುತ್ತಿದ್ದ ಒಂದು ದಿನ, ಸೋಯಾಕಾಳು ಹುದುಗಿಸಿ ಮಿಸೊ ಮಾಡಿ ಮಾರುವ ಅಂಗಡಿಯ ಯಜಮಾನ ಕುರಾಮಿತ್ಸು ತನ್ನ ಗಾಡಿಗೆ ದಾರಿ ತೋರಿಸುವ ಹೊಸ ಯಂತ್ರ ಹಾಕಿಸಿಕೊಳ್ಳಲು ವರ್ಕ್‌ಶಾಪಿಗೆ ಬಂದಿದ್ದ. ನಕ್ಷೆಯೂ ಉಂಟು, ಟಿವಿಯೂ ಉಂಟು. ಗಾಡಿ ನಿಂತಿದ್ದರೆ ಟಿವಿಯ ಚಿತ್ರ ಬರುತ್ತದೆ. ಹೊರಟರೆ ಚಿತ್ರ ಹೋಗಿ ಮಾತು ಮಾತ್ರ ಕೇಳುತ್ತದೆ. ಗಾಡಿ ನಿಂತಿದೆ ಎಂದು ಯಂತ್ರಕ್ಕೆ ತಿಳಿಸುವುದು ಒಂದು ಹಸಿರು ತಂತಿ, ಅದನ್ನು ಕೈಬ್ರೇಕಿಗೆ ಜೋಡಿಸಬೇಕು. ಕೈಬ್ರೇಕಿಗೆ ಜೋಡಿಸದೆ ಗಾಡಿಯ ಮೈಲೋಹಕ್ಕೆ ಕಚ್ಚಿಸಿಬಿಟ್ಟರೆ, ಗಾಡಿ ಎಷ್ಟು ಜೋರಾಗಿ ಓಡಿದರೂ ಯಂತ್ರ ಪಾಪ, ನಿಂತೇ ಇದ್ದೇನೆ ಎಂದುಕೊಂಡಿರುತ್ತದೆ. ಹಾಗೆ ಮಾಡಬೇಡಿ ಎಂದು ಕೈಪಿಡಿಯ ಎರಡನೇ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. "ಓಡೋವಾಗಲೂ ಬರೋ ಹಾಗೆ ಮಾಡಿಕೊಡಪ್ಪ, ನಮ್ಮವಳಿಗೆ ದಾರಿಯಲ್ಲಿ ಬೇಜಾರಾಗುತ್ತೆ" ಎಂದಿದ್ದ ಕುರಾಮಿತ್ಸು. ಮುನಕಾತ ತಲೆ ಕೆರೆದುಕೊಂಡು, ಕಷ್ಟ ಯಜಮಾನರೇ ಎಂದು ರಾಗ ಎಳೆದ. "ಪಕ್ಕದೂರಲ್ಲಿ ಕೇಳೋ ಮೊದಲೇ ಮಾಡಿಕೊಡ್ತಾರೆ. ನಿಮ್ಮಲ್ಲೇನು ಇಷ್ಟು ಮಡಿ?" ಎಂದು ಆತ ನಕ್ಕ. ಬಾಗಿಲಲ್ಲಿ ನಿಂತಿದ್ದ ಮಾಲೀಕ ಯಾಶಿರೊ ಕೂಡ ನಕ್ಕು, "ಹಳೇ ಗಿರಾಕಿ ಕಣಯ್ಯಾ, ಒಂದು ಉಪಕಾರ ಅಂತ ಮಾಡಿಕೊಡು" ಎಂದ. ಇಬ್ಬರು ನಗುತ್ತಿರುವಾಗ ಒಬ್ಬನೇ ಮುಖ ಗಂಟಿಕ್ಕಿಕೊಂಡು ನಿಲ್ಲುವುದು ಹೇಗೆ? ಮುನಕಾತನೂ ಹುಳ್ಳಗೆ ನಕ್ಕ. ಮರುದಿನ ಮಿಸೊ ಡಬ್ಬಿ ಮನೆಗೆ ಬಂತು.

ಎಷ್ಟು ತಿಂದರೂ ಆ ಡಬ್ಬಿ ಮುಗಿಯುತ್ತಿಲ್ಲ. ಮಿಚಿಯೊ ಬೆನ್ನು ತಿರುಗಿಸಿದಾಗ ಅವನು ಸಾರನ್ನು ಬಚ್ಚಲಿಗೆ ಸುರಿದು ನೀರು ಬಿಟ್ಟ. ಕಳ್ಳ ಬೆಕ್ಕಿನಂತೆ ಮೆತ್ತಗೆ ಹೆಜ್ಜೆಯಿಟ್ಟು ಹೊರಗೆ ಬಂದು ಸೈಕಲ್ ಹತ್ತಿದ. ವರ್ಕ್‌ಶಾಪಿಗೆ ಶಾಲೆಯ ಮುಂದಿನ ದಾರಿಯೇ ಹತ್ತಿರ. ಈಚೆಗೆ ಅವನು ಮೀನುಪೇಟೆಯ ಕಡೆಯಿಂದ ಸುತ್ತಿಕೊಂಡು ಹೋಗುತ್ತಿದ್ದ. ಶಾಲೆಯ ಮುಂದಿನ ದಾಟುಪಟ್ಟಿಯ ಹತ್ತಿರ ಕಂಬಕ್ಕೆ ಯಾರೋ ದಿನವೂ ಹೂ ಕಟ್ಟುತ್ತಾರೆ, ಹಿಂದಿನ ದಿನದ್ದು ಬಾಡಿ ಅಲ್ಲೇ ಜೋತಿರುತ್ತದೆ. ಹಳದಿ ಬಾವುಟ ಹಿಡಿದು ಅಲ್ಲಿ ಮಕ್ಕಳನ್ನು ರಸ್ತೆ ದಾಟಿಸುತ್ತಿದ್ದ ಹೋಸಾಕ ತೊಮೊಯೆ ಸತ್ತದ್ದು ಅಲ್ಲೇ, ಬೇಸಿಗೆ ರಜೆಗೆ ಮುಂಚಿನ ಕೊನೆಯ ದಿನ. ಮಕ್ಕಳು ಶಾಲೆಯಲ್ಲಿ ಬೆಳೆಸಿದ ಹೂಕುಂಡಗಳನ್ನು ತಬ್ಬಿಕೊಂಡು ಮಧ್ಯಾಹ್ನವೇ ಮನೆಗೆ ಹೊರಟಿದ್ದರು. ಕುಂಡ ಹೊತ್ತ ಮಗುವಿಗೆ ಕಾಲ ಕೆಳಗಿನ ನೆಲವೇ ಕಾಣುವುದಿಲ್ಲ ಎಂದು ಆಕೆ ಎಂದಿಗಿಂತ ಒಂದು ಹೆಜ್ಜೆ ಮುಂದೆ ನಿಂತಿದ್ದಳಂತೆ. ಕುರಾಮಿತ್ಸುವಿನ ಗಾಡಿ ನಿಲ್ಲಲೇ ಇಲ್ಲ. ಬಿಸಿಲು ಕಣ್ಣಿಗೆ ಹೊಡೆಯಿತು ಎಂದು ಆತ ಪೊಲೀಸರಿಗೆ ಹೇಳಿದ. ಬಂಪರು ಅಳೆದರು, ಗಾಜು ಅಳೆದರು, ರಸ್ತೆಯ ಮೇಲಿನ ಗುರುತು ಅಳೆದರು. ಡ್ಯಾಶ್‌ಬೋರ್ಡಿನ ಹಿಂದೆ ಯಾರೂ ಇಣುಕಲಿಲ್ಲ. ಅದೇ ಹೊತ್ತಿನಲ್ಲಿ ವರ್ಕ್‌ಶಾಪಿನ ರೇಡಿಯೊದಲ್ಲಿ ಪ್ರೌಢಶಾಲೆಗಳ ಬೇಸ್‌ಬಾಲ್ ಪಂದ್ಯ ನಡೆಯುತ್ತಿತ್ತು. ಕೊನೆಯ ಸುತ್ತು, ದಾಂಡು ಹಿಡಿದು ಬಂದವನು ಕುರಾಮಿತ್ಸುವಿನ ಮೊಮ್ಮಗ. ಯಾಶಿರೊ ಸ್ಪ್ಯಾನರ್ ಕೆಳಗಿಟ್ಟು ಧ್ವನಿ ಜೋರು ಮಾಡಿದ್ದ. ಊರೇ ಆ ಪಂದ್ಯ ಕೇಳುತ್ತಿತ್ತು, ಇಲ್ಲವೇ ನೋಡುತ್ತಿತ್ತು.

ಇಲ್ಲವೇ ನೋಡುತ್ತಿತ್ತು. ಸೈಕಲ್ ತುಳಿಯುತ್ತ ಮುನಕಾತ ಆ ಮಾತನ್ನು ನೂರೊಂದನೆಯ ಸಲ ಅಗಿದ. ಗೊತ್ತಿಲ್ಲವಲ್ಲ, ಖಾತ್ರಿಯಿಲ್ಲವಲ್ಲ. ಬಿಸಿಲೇ ಹೊಡೆದಿರಬಹುದು. ಕುಂಬಳಕಾಯಿ ಕಳ್ಳ ಎಂದರೆ ತಾನೇಕೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕು? ಆದರೆ ಹೆಗಲ ಮೇಲೆ ಬೂದಿ ಇದ್ದೇ ಇತ್ತು. ಸತ್ತವರ ಹಬ್ಬದಲ್ಲಿ ತೊಮೊಯೆಯ ಗಂಡ ಹೋಸಾಕನ ಮನೆಗೆ ಹೋಗಿದ್ದ. ಸತ್ತವರಿಗೆ ದಾರಿ ತೋರುವ ಬಿಳಿಯ ಲಾಂದ್ರ ಸೂರಿಗೆ ತೂಗುತ್ತಿತ್ತು. ಊದುಬತ್ತಿ ಹಚ್ಚಿ, ಕೈ ಮುಗಿದು, ಫೋಟೋದಲ್ಲಿನ ತೊಮೊಯೆಯ ಗಲ್ಲವನ್ನಷ್ಟೇ ನೋಡಿ, ಕಣ್ಣು ನೋಡದೆ, ಹೊರಡಲು ಎದ್ದಾಗ ಹೋಸಾಕ ಅವನ ಮುಂದೆ ಚಾಪೆಗೆ ಹಣೆ ಮುಟ್ಟಿಸಿಬಿಟ್ಟ. "ನಮ್ಮವಳಿಂದ ಎಲ್ಲರಿಗೂ ತೊಂದರೆ ಆಯ್ತು. ಸ್ವಲ್ಪ ಹಿಂದೆ ನಿಂತ್ಕೋಬಾರದಿತ್ತಾ ಅವಳು? ಮೊದಲಿಂದಲೂ ಆತುರಗೇಡಿ. ಸಿಹಿ ಡಬ್ಬಿ ತಗೊಂಡು ಕುರಾಮಿತ್ಸು ಅವರ ಮನೆಗೂ ಹೋಗಿ ತಪ್ಪಾಯ್ತು ಅಂತ ಹೇಳಿ ಬಂದೆ. ಪಾಪ, ಒಳ್ಳೇ ಮನುಷ್ಯ, ಅಂಥವರ ಹೆಸರಿಗೆ ಮಸಿ ಬಳಿದ ಹಾಗಾಯ್ತು." ಹೆಂಡತಿಯನ್ನು ಕೊಂದವನ ಮನೆಗೆ ಗಂಡ ಹೋಗಿ ಕ್ಷಮೆ ಕೇಳಿ ಬಂದಿದ್ದ. ಅದನ್ನು ಕೇಳಿಯೂ ಮುನಕಾತ ತಾನೂ ಚಾಪೆಗೆ ಹಣೆ ಮುಟ್ಟಿಸಿದ. ಇಬ್ಬರು ಗಂಡಸರು ಹಾಗೇ ಎಷ್ಟು ಹೊತ್ತು ಬಗ್ಗಿದ್ದರೋ. ಚಾಪೆಯ ಹಸಿ ಹುಲ್ಲಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹೇಳಬೇಕಾದ ಮಾತು ಹಲ್ಲಿನ ಹಿಂದೆಯೇ ನಿಂತಿತ್ತು, ನುಂಗಲಾಗದ ತುತ್ತಿನ ಹಾಗೆ. ನಾಲಿಗೆ ಅದನ್ನು ಹೊರಕ್ಕೂ ತಳ್ಳಲಿಲ್ಲ, ಒಳಕ್ಕೂ ಎಳೆದುಕೊಳ್ಳಲಿಲ್ಲ.

ವರ್ಕ್‌ಶಾಪಿನ ಅಂಗಳದಲ್ಲಿ ಆ ಗಾಡಿ ನಿಂತಿತ್ತು. ಹೊಸ ಬಂಪರು, ಹೊಸ ಗಾಜು, ಬಣ್ಣ ಫಳಫಳ. ಬೇರೆ ಕಡೆ ಮೈ ರಿಪೇರಿ ಮುಗಿಸಿ ತಂದಿದ್ದರು. ಬಾಗಿಲ ಬಳಿ ಕುರಾಮಿತ್ಸು ನಿಂತಿದ್ದ. ಆರು ವಾರದಲ್ಲಿ ಕುತ್ತಿಗೆ ಸಣ್ಣದಾಗಿ, ಅಂಗಿಯ ಕಾಲರು ದೊಡ್ಡದಾಗಿತ್ತು. ಅವನ ಪಕ್ಕದಲ್ಲಿ ಹೆಂಡತಿ ಸುಮಿಯೆ, ಕೈಯಲ್ಲಿ ಕೊಡೆ, ಕೈಚೀಲ, ಗಾಡಿಯ ಕೀಲಿ. ಲೈಸೆನ್ಸಿನ ತೀರ್ಮಾನ ಇನ್ನೂ ಬಂದಿರಲಿಲ್ಲವಾದರೂ ಆತ ಸ್ಟೀರಿಂಗ್ ಮುಟ್ಟುವುದನ್ನೇ ಬಿಟ್ಟಿದ್ದ, ಈಗ ಓಡಿಸುವವಳು ಅವಳೇ.

"ಬನ್ನಿ ಮುನಕಾತ ಅವರೇ, ನಿಮಗೇ ಕಾಯ್ತಾ ಇದ್ವಿ. ನಮ್ಮ ಗಾಡಿಗೆ ತಲೆ ತಿರುಗಿದೆ" ಎಂದಳು ಸುಮಿಯೆ. "ನಾನು ಅಂಗಡಿ ಮುಂದೆ ನಿಂತಿದ್ರೆ ಇದು ನಡು ಸಮುದ್ರದಲ್ಲಿದ್ದೀನಿ ಅನ್ನುತ್ತೆ. ಬಲಕ್ಕೆ ತಿರುಗಿ ಅನ್ನುತ್ತೆ, ನೋಡಿದ್ರೆ ಬರೀ ನೀಲಿ ನೀರು! ಮೀನು ಹಿಡಿಯೋಕೆ ಹೊರಟಿದೀವೇನೋ ಅನ್ಕೊಂಡಿದೆ."

ಯಾರೂ ನಗಲಿಲ್ಲ. ಅವಳೇ ಸ್ವಲ್ಪ ನಕ್ಕು ನಿಲ್ಲಿಸಿದಳು. ಡಿಕ್ಕಿಯ ಹೊಡೆತಕ್ಕೆ ಒಳಗೆ ದಿಕ್ಕು ಗುರುತಿಸುವ ಭಾಗ ಕೆಟ್ಟಿದೆ, ಬಿಚ್ಚಿ ಬದಲಾಯಿಸಬೇಕು, ಊಟದ ಹೊತ್ತಿಗೆ ಬನ್ನಿ ಎಂದು ಯಾಶಿರೊ ಹೇಳಿದ. ಹೊರಡುವಾಗ ಕುರಾಮಿತ್ಸು ಮುನಕಾತನ ಕಡೆ ತಿರುಗಿ, ಸೊಂಟದಿಂದ ಬಗ್ಗಿ ನಮಸ್ಕಾರ ಮಾಡಿದ. ಕೆಲಸಗಾರನಿಗೆ ಮಾಡುವಂಥ ನಮಸ್ಕಾರವಾಗಿರಲಿಲ್ಲ ಅದು. ಗಿರಾಕಿಯ ನೆತ್ತಿಯ ಬೋಳು, ಅದರ ಮೇಲಿನ ಬೆವರು ಮುನಕಾತನಿಗೆ ಕಾಣಿಸಿತು. ಇವನಿಗೆ ಗೊತ್ತು, ನನಗೆ ಗೊತ್ತೆಂಬುದೂ ಗೊತ್ತು. ಮುನಕಾತನೂ ಬಗ್ಗಿದ, ಸ್ವಲ್ಪ ಹೆಚ್ಚೇ ಬಗ್ಗಿದ, ಗಿರಾಕಿಗಿಂತ ಮೇಲೆ ತಲೆ ಇಟ್ಟು ನಿಲ್ಲುವ ಅಭ್ಯಾಸ ಅವನಿಗಿರಲಿಲ್ಲ.

ಅವರು ಮರೆಯಾದ ಮೇಲೆ ಯಾಶಿರೊ ಕೈಯೊರೆಸಿಕೊಳ್ಳುತ್ತ ಹತ್ತಿರ ಬಂದ. "ನಾಳೆ ವಿಮೆಯವರು ರಿಪೇರಿ ನೋಡೋಕೆ ಬರ್ತಾರಂತೆ. ಏರ್‌ಬ್ಯಾಗು, ವೈರಿಂಗು, ಎಲ್ಲ ಬಿಚ್ಚಿ ಫೋಟೋ ತೆಗೀತಾರೆ. ಒಳಗೆ ಎಲ್ಲಾ ಕೈಪಿಡಿಯಲ್ಲಿ ಇರೋ ಹಾಗೇ ಇರಲಿ."

"ಅಂದ್ರೆ?"

"ಅಂದ್ರೆ ಏನು ಅಂದ್ರೆ? ಮೂವತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೀಯ, ನಿನಗೆ ಬಿಡಿಸಿ ಹೇಳಬೇಕೇನಯ್ಯಾ? ಇರಬೇಕಾದ ಜಾಗದಲ್ಲಿ ಇರಬೇಕಾದ್ದು ಇರಲಿ ಅಂದೆ." ಯಾಶಿರೊ ಅವನ ಮುಖ ನೋಡಲಿಲ್ಲ, ಗಾಡಿಯ ಚಕ್ರವನ್ನು ಕಾಲಿನಿಂದ ಒಮ್ಮೆ ತಟ್ಟಿದ. "ಸತ್ತವರು ಎದ್ದು ಬರ್ತಾರಾ, ಹೇಳು."

ಮುನಕಾತ ಗಾಡಿಯನ್ನು ಒಳಗೆ ತಂದು ನಿಲ್ಲಿಸಿ, ಕೀಲಿ ತಿರುಗಿಸಿ ಎಂಜಿನ್ ಆರಿಸಿದ. ಯಂತ್ರ ತನ್ನ ನೆನಪನ್ನೆಲ್ಲ ಒಳಗೆ ಜೋಡಿಸಿಟ್ಟುಕೊಂಡು ಪರದೆ ಪೂರ್ತಿ ಕಪ್ಪಾಗುವವರೆಗೆ ಕಾಯಬೇಕು, ಕಾದ. ಆಮೇಲೆ ಬ್ಯಾಟರಿಯ ಋಣ ತುದಿ ಬಿಚ್ಚಬೇಕು. ಅವನ ಬೆರಳು ತಾನಾಗಿ ಚಾಚಿಕೊಂಡಿತು. "ಋಣ ತುದಿ ಬಿಚ್ಚಿದೆ, ಸರಿ!" ಎಂದು ಕೂಗಿದ. ಕೂಗಿ ತೋರಿಸುವುದು ಈ ವರ್ಕ್‌ಶಾಪಿನ ಪದ್ಧತಿ. ಕಣ್ಣು ತಪ್ಪಿದರೂ ಬಾಯಿ ತಪ್ಪಬಾರದು, ಬಾಯಿ ತಪ್ಪಿದರೂ ಬೆರಳು ತಪ್ಪಬಾರದು ಎಂದು. ಆ ಕಡೆಯಿಂದ ಯಾಶಿರೊ, ಬೇರೊಂದು ಗಾಡಿಯ ಕೆಳಗೆ ಮಲಗಿದ್ದವನು, "ಸರಿ!" ಎಂದು ಮರುದನಿ ಕೊಟ್ಟ. ತುದಿ ಬಿಚ್ಚಿದ ಕೂಡಲೇ ಕೈ ಹಾಕುವಂತಿಲ್ಲ. ಏರ್‌ಬ್ಯಾಗಿನೊಳಗೆ ಉಳಿದ ವಿದ್ಯುತ್ತು ಇಳಿದು ಹೋಗಬೇಕು. ಆತುರಪಟ್ಟರೆ ಅದು ಮುಖಕ್ಕೇ ಸಿಡಿದೀತು. ಆತುರಗೇಡಿ. ಚಾಲಕನ ಸೀಟಿನಲ್ಲಿ ಕಾಲು ಹೊರಗಿಟ್ಟು ಕುಳಿತು ಕಾದ. ಈ ಸೀಟಿನಲ್ಲಿ ಕುಳಿತರೆ ಪರದೆ ಎಡಗೈಯ ಹತ್ತಿರ, ಮೊಣಕೈಯ ಮೇಲೆ ಬರುತ್ತದೆ. ಒಂದು ಸಲ ಕಣ್ಣು ಹೊರಳಿಸಿದರೆ ಸಾಕು. ಅವನು ಹೊರಳಿಸಿ ನೋಡಿದ. ಮತ್ತೆ ರಸ್ತೆಯ ಕಡೆ, ಅಂದರೆ ಗೋಡೆಯ ಕಡೆ ನೋಡಿದ. ಅಷ್ಟರಲ್ಲಿ ಒಬ್ಬ ಹೆಂಗಸು ಬಾವುಟ ಎತ್ತಿ ಒಂದು ಹೆಜ್ಜೆ ಮುಂದೆ ಬರಬಹುದು. ಮಧ್ಯಾಹ್ನ, ನೆತ್ತಿಯ ಮೇಲೆ ಸೂರ್ಯ, ಗಾಡಿ ಹೊರಟದ್ದು ಬೆಟ್ಟದ ದಿಕ್ಕಿಗೆ, ಉತ್ತರಕ್ಕೆ. ಎಲ್ಲಿಂದ ಬಂತಪ್ಪ ಬಿಸಿಲು ಕಣ್ಣಿಗೆ? ಊರಿನಲ್ಲಿ ಯಾರಿಗೂ ಈ ಪ್ರಶ್ನೆ ಹೊಳೆಯಲಿಲ್ಲವೇ? ಹೊಳೆದಿತ್ತು. ಎಲ್ಲರಿಗೂ ಹೊಳೆದಿತ್ತು, ಎಲ್ಲರೂ ಕುರಾಮಿತ್ಸುವಿನ ಅಂಗಡಿಯ ಮಿಸೊ ತಿನ್ನುತ್ತಿದ್ದರು.

ಗೇರಿನ ಸುತ್ತ ಬಟ್ಟೆ ಹಾಸಿದ, ಗೀರು ಬೀಳಬಾರದು. ಕಬ್ಬಿಣದ ಸ್ಕ್ರೂಡ್ರೈವರ್ ತಾಗಿಸದೆ ಪ್ಲಾಸ್ಟಿಕ್ ಪಟ್ಟಿಯಿಂದ ಅಂಚು ಎಬ್ಬಿಸಿದ. ಮೈಯಲ್ಲಿರುವ ವಿದ್ಯುತ್ತು ಯಂತ್ರಕ್ಕೆ ಹರಿಯದಿರಲೆಂದು ಬಾಗಿಲ ಲೋಹವನ್ನು ಅಂಗೈಯಿಂದ ಒಮ್ಮೆ ಮುಟ್ಟಿದ. ತಂತಿಯನ್ನು ಹಿಡಿದು ಎಳೆಯದೆ, ಕೊಂಡಿಯನ್ನು ಹಿಡಿದು ಬಿಡಿಸಿದ. ಎಷ್ಟು ಎಚ್ಚರಿಕೆ! ಒಂದು ಗೀರಿಗೆ, ಒಂದು ಸ್ಕ್ರೂಗೆ, ಕಣ್ಣಿಗೆ ಕಾಣದ ಒಂದು ಕಿಡಿಗೆ ಇಷ್ಟೊಂದು ಎಚ್ಚರಿಕೆ. ಯಂತ್ರದ ಮೈಗೆ ಏನೂ ಆಗಬಾರದು, ಗಾಡಿಯ ಮೈಗೆ ಏನೂ ಆಗಬಾರದು. ಅವನಿಗೆ ಅಳುವಂತಾಯಿತು, ಅಳು ಬರಲಿಲ್ಲ, ಮೂಗು ಸೋರಿತು. ಯಂತ್ರ ಹೊರಗೆ ಬಂದ ಮೇಲೆ ಕತ್ತಲ ಗೂಡಿನೊಳಗೆ ಬ್ಯಾಟರಿ ದೀಪ ಹಿಡಿದ. ಇತ್ತು. ಹಸಿರು ತಂತಿ, ತುದಿಗೆ ಅವನದೇ ಕೈಯ ಕರಿ ಟೇಪು, ಅವನದೇ ಅಭ್ಯಾಸದಂತೆ ಎರಡು ಸುತ್ತು, ಲೋಹದ ಬೋಲ್ಟಿಗೆ ಕಚ್ಚಿಕೊಂಡು ಕುಳಿತಿತ್ತು. ಒಂದು ತಿಂಗಳಿಂದ ಅವನು ಒಳಗೊಳಗೇ ಬೇಡಿಕೊಂಡಿದ್ದ, ತಾನು ಮಾಡಿಯೇ ಇಲ್ಲವೇನೋ, ಮಾಡಿದೆ ಎಂದು ಭ್ರಮಿಸಿದೆನೇನೋ ಎಂದು. ಎಂಥ ಅಚ್ಚುಕಟ್ಟು ಕೆಲಸ. ನಾಳೆ ವಿಮೆಯವನ ಕ್ಯಾಮೆರಾಕ್ಕೆ ಮೊದಲು ಬೀಳುವುದೇ ಇದು.

ಬಿಟ್ಟುಬಿಡೋಣ ಎಂದುಕೊಂಡ. ನಾನು ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ. ಹೀಗೇ ಬಿಟ್ಟು ಯಂತ್ರ ಕೂರಿಸಿದರೆ ನಾಳೆ ಅವನೇ ನೋಡುತ್ತಾನೆ, ಬರೆದುಕೊಳ್ಳುತ್ತಾನೆ. ಆಗ ತೊಮೊಯೆ ಆತುರಗೇಡಿ ಅಲ್ಲ ಎಂದಾಗುತ್ತದೆ, ಹೋಸಾಕ ಯಾರ ಮನೆಗೂ ಸಿಹಿ ಡಬ್ಬಿ ಹೊರಬೇಕಾಗಿಲ್ಲ. ಇದೊಂದು ತಂತಿ ಬಿಟ್ಟರೆ ಆ ಹೆಂಗಸಿನ ಪರವಾಗಿ ಲೋಕದಲ್ಲಿ ಬೇರೆ ಸಾಕ್ಷಿಯಿಲ್ಲ. ಆಮೇಲೆ ಕೇಳುತ್ತಾರೆ: ಯಾರ ಕೈಕೆಲಸ ಇದು? ಯಾಶಿರೊ ಹೇಳುತ್ತಾನೆ: ನನಗೆ ಗೊತ್ತಿಲ್ಲ, ಅವನು ತಾನಾಗಿ ಮಾಡಿಕೊಟ್ಟಿರಬೇಕು. ಮಿಚಿಯೊ ಪೇಟೆಗೆ ಹೋದರೆ ಜನ ದಾರಿ ಬಿಟ್ಟು ನಿಲ್ಲುತ್ತಾರೆ. ಈ ವಯಸ್ಸಿನಲ್ಲಿ ಬೇರೆಲ್ಲಿ ಕೆಲಸ? ಮೂವತ್ತು ವರ್ಷ ಒಂದು ಗೀರೂ ಬೀಳಿಸಿದವನಲ್ಲ ನಾನು. ಹೀಗೆ ಯೋಚಿಸುತ್ತಿರುವಾಗಲೇ ಅವನ ಬೆರಳುಗಳು ಟೇಪು ಬಿಚ್ಚಿದ್ದವು. ತಾನು ಬಿಚ್ಚಿದ್ದನ್ನು ತಾನೇ ಆಮೇಲೆ ನೋಡಿದ. ಬಿಚ್ಚಿದ ಮೇಲೆ ಜೋಡಿಸದೆ ಬಿಡಲಾಗುವುದೇ, ಕೈ ಸುಮ್ಮನಿರುತ್ತದೆಯೇ. ಹಸಿರು ತಂತಿ ಕೈಬ್ರೇಕಿನ ಕೊಂಡಿಗೆ ಹೋಗಿ ಸೇರಿತು. ಇದೇ ಸುರಕ್ಷಿತ, ಇನ್ನು ಮುಂದೆ ಯಾರಿಗೂ ಹಾಗಾಗದು ಎಂದು ತನಗೆ ತಾನೇ ಹೇಳಿಕೊಂಡ. ಆ ಮಾತು ನಿಜವೇ ಆಗಿತ್ತು, ಅದಕ್ಕೇ ಅವನಿಗೆ ಹೆಚ್ಚು ಹೇಸಿಗೆಯಾಯಿತು. ಬೆರಳು ಚಾಚಿದ. "ಕೈಬ್ರೇಕಿನ ತಂತಿ, ಸರಿ!" ದನಿ ಕೀರಲಾಗಿ ಬಂತು.

ಆ ಕಡೆಯ ಗಾಡಿಯ ಕೆಳಗೆ ಸ್ಪ್ಯಾನರಿನ ಸದ್ದು ನಿಂತಿತು. "ಸರಿ" ಎಂದ ಯಾಶಿರೊ, ಮೆಲ್ಲಗೆ.

ಯಂತ್ರ ತಾನೆಲ್ಲಿದ್ದೇನೆಂದು ಮತ್ತೆ ಕಲಿಯಬೇಕಾದರೆ ಗಾಡಿಯನ್ನು ಬಯಲಿನಲ್ಲಿ ಓಡಿಸಬೇಕು. ಮುನಕಾತ ಬಂದರಿನ ಕಡೆ ಒಂದು ಸುತ್ತು ಹೋಗಿಬಂದ. ಗಾಡಿಯ ಗುರುತು ನೀಲಿ ನೀರಿನಿಂದ ತೆವಳಿ ದಡ ಹತ್ತಿ ರಸ್ತೆಗೆ ಸೇರಿತು. ಅವನು ಟಿವಿ ಹಾಕಿ ನೋಡಿದ: ಪರದೆಯ ಮೇಲೆ ಕಪ್ಪು, ಕಪ್ಪಿನ ಮೇಲೆ ಬಿಳಿ ಅಕ್ಷರ, ಚಾಲನೆಯಲ್ಲಿ ಚಿತ್ರ ತೋರಿಸಲಾಗುವುದಿಲ್ಲ. ಯಾರೋ ಹೆಂಗಸು ಕಾಣದೆ ಮಾತಾಡುತ್ತಿದ್ದಳು, ಹವಾಮಾನದ ಸುದ್ದಿ. ಆರಿಸಿದ. ಅವನ ಮನಸ್ಸು ಬಿಕೋ ಎನ್ನುತ್ತಿತ್ತು, ಇಷ್ಟೇನಾ ಎನ್ನಿಸಿತು. ಊಟದ ಹೊತ್ತಿಗೆ ಗಂಡಹೆಂಡಿರು ಬಂದು, ಥ್ಯಾಂಕ್ಸ್ ಹೇಳಿ, ಗಾಡಿ ಹತ್ತಿಕೊಂಡು ಹೋದರು. ರಸ್ತೆಯ ತಿರುವಿನಲ್ಲಿ ಅದು ಕಾಣದಾಗುವವರೆಗೆ ಯಾಶಿರೊ ಮತ್ತು ಅವನು ಬಗ್ಗಿ ನಿಂತಿದ್ದರು. "ಬಾ, ತಣ್ಣನೆ ನೂಡಲ್ಸ್ ತರಿಸ್ತೀನಿ, ನನ್ನ ಕಡೆಯಿಂದ" ಎಂದ ಯಾಶಿರೊ ಅವನ ಬೆನ್ನು ತಟ್ಟಿ. ನೂಡಲ್ಸ್ ಇನ್ನೂ ಬಂದಿರಲಿಲ್ಲ, ಗಾಡಿ ವಾಪಸ್ ಬಂತು.

ಸುಮಿಯೆ ಎಂಜಿನ್ ಆರಿಸುವ ಮೊದಲೇ ಗಾಜು ಇಳಿಸಿ ಮಾತು ಶುರು ಮಾಡಿದ್ದಳು. "ಏನು ಯಾಶಿರೊ ಅವರೇ, ಒಂದು ಕಡೆ ರಿಪೇರಿ ಮಾಡಿ ಇನ್ನೊಂದು ಕಡೆ ಕೆಡಿಸಿದ್ರಾ? ಗಾಡಿ ಸಮುದ್ರದಿಂದ ಮೇಲೆ ಬಂತು, ಸಂತೋಷ. ಟಿವಿ ಮುಳುಗಿಹೋಯ್ತಲ್ಲ! ಹೊರಟ ತಕ್ಷಣ ಚಿತ್ರ ಮಾಯ, ಬರೀ ಮಾತು."

"ಬೇಡ ಅಂದೆ ನಾನು, ಮನೆಗೆ ಹೋಗೋಣ ಅಂದೆ" ಎಂದ ಪಕ್ಕದ ಸೀಟಿನಿಂದ ಕುರಾಮಿತ್ಸು, ಯಾರೆದುರೋ ತಪ್ಪೊಪ್ಪಿಕೊಳ್ಳುವವನಂತೆ.

"ಅಮ್ಮಾ, ಓಡ್ತಿರುವಾಗ ಚಿತ್ರ ಬರಲ್ಲ" ಎಂದ ಯಾಶಿರೊ. "ಎಲ್ಲ ಗಾಡಿಯಲ್ಲೂ ಅಷ್ಟೇ."

"ನಮ್ಮ ಗಾಡಿಯಲ್ಲಿ ಬರ್ತಿತ್ತಲ್ಲ!" ಅವಳು ಇಳಿದು ಬಂದು ಬಾಗಿಲು ಮುಚ್ಚಿದಳು. "ಚೆರಿ ಹೂ ನೋಡೋಕೆ ಹೋದಾಗ ದಾರಿಯುದ್ದಕ್ಕೂ ನಾನು ಅಡುಗೆ ಕಾರ್ಯಕ್ರಮ ನೋಡ್ಕೊಂಡೇ ಹೋಗಿದ್ದು. ಇವರೂ ಕಳ್ಳಗಣ್ಣಲ್ಲಿ ನೋಡ್ತಿದ್ರು. ರಸ್ತೆ ನೋಡ್ರೀ, ರಸ್ತೆ ಅಂತ ನಾನು ಬೈತಿದ್ದೆ. ಅಲ್ವೇನ್ರೀ? ಆಮೇಲೆ ನಮ್ಮ ಹುಡುಗನ ಮ್ಯಾಚಿನ ದಿನವೂ ಮನೆಯಲ್ಲೇ ಕೂತು ನೋಡೋಣ ಅಂದ್ರೆ ಕೇಳದೆ, ಗಾಡಿಯಲ್ಲೇ ನೋಡ್ತೀನಿ ಬಿಡು ಅಂತ..."

ಮಾತು ಅಲ್ಲಿಗೆ ನಿಂತಿತು. ಅವಳ ಬಾಯಿ ಇನ್ನೂ ತೆರೆದೇ ಇತ್ತು. ಕುರಾಮಿತ್ಸು ಗಾಡಿಯಿಂದ ಇಳಿದು, ಬಾನೆಟ್ಟಿನ ಮೇಲೆ ಕೈಯೂರಿಕೊಂಡು ಸುತ್ತಿ ಬಂದ.

"ನಿನಗೆ ಭ್ರಾಂತು ಕಣೇ. ಗಾಡಿ ನಿಲ್ಲಿಸಿಕೊಂಡು ನೋಡಿದ್ದು ಅದು. ಹೂವಿನ ದಿನವೂ ನಿಲ್ಲಿಸಿಕೊಂಡೇ ನೋಡಿದ್ದು. ವಯಸ್ಸಾಯ್ತು ನಿನಗೆ."

ಸುಮಿಯೆ ಗಂಡನ ಕಡೆ ನೋಡಲಿಲ್ಲ. ಯಾಶಿರೊನನ್ನೂ ನೋಡಲಿಲ್ಲ. "ಮುನಕಾತ ಅವರೇ" ಎಂದಳು, ಬಹಳ ಸಣ್ಣ ದನಿಯಲ್ಲಿ. "ನೀವು ತಾನೇ ಇದನ್ನ ಕೂರಿಸಿದ್ದು? ನೀವು ಹೇಳಿ. ಬರ್ತಿತ್ತಾ, ಇಲ್ವಾ?"

ಹೇಳಿಬಿಡು ಎಂದು ಅವನ ಮೈಯೆಲ್ಲ ಕೂಗಿತು. ಈಗ ತಂತಿಯೂ ಬೇಡ, ವಿಮೆಯವನೂ ಬೇಡ, ಒಂದೇ ಮಾತು ಸಾಕು. ಆದರೆ ಅವಳ ಕಣ್ಣಿನಲ್ಲಿ ಬೇರೇನೋ ಇತ್ತು. ಇಲ್ಲ ಎನ್ನು, ದಯವಿಟ್ಟು ಇಲ್ಲ ಎನ್ನು, ಈ ಮನುಷ್ಯನ ಜೊತೆ ನಾನು ಇನ್ನೂ ಬಾಳಬೇಕು ಎಂದು ಅದು ಬೇಡುತ್ತಿದೆಯೆಂದು ಅವನಿಗೆ ತೋರಿತು. ತೋರಿತೋ, ಹಾಗೆ ತೋರಲಿ ಎಂದು ತಾನೇ ತೋರಿಸಿಕೊಂಡನೋ. ಗಿರಾಕಿ ಕೇಳಿದ್ದನ್ನು ಕೊಡುವುದೇ ಅವನ ಕಸುಬು.

"ಬರ್ತಿರಲಿಲ್ಲ ಅಮ್ಮಾ" ಎಂದ. "ಬರೋಕೆ ಸಾಧ್ಯವೇ ಇಲ್ಲ."

"ಹೌದಾ" ಎಂದಳು ಸುಮಿಯೆ. ಒಬ್ಬೊಬ್ಬರ ಮುಖವನ್ನೂ ಸಾಲಾಗಿ ನೋಡಿದಳು, ಗಂಡನ ಮುಖವನ್ನು ಕೊನೆಗೆ. ಅವಳ ಮುಖದಲ್ಲಿ ನೆಮ್ಮದಿ ಕಾಣಲಿಲ್ಲ. ಅವಳು ಬೇಡಿದ್ದು ಅದನ್ನಲ್ಲ ಎಂದು ಅವನಿಗೆ ಆಗ ತಿಳಿಯಿತು. ಗಾಡಿಯ ಕೀಲಿಯನ್ನು ಗಂಡನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ತಾನೇ ಮಡಿಸಿ, ಕೊಡೆ ಬಿಡಿಸಿಕೊಂಡು ಅಂಗಳ ದಾಟಿದಳು.

"ಎಲ್ಲಿಗೆ? ಏ ಸುಮಿಯೆ! ನಾನು ಓಡಿಸಲ್ಲ, ಗೊತ್ತಲ್ಲ ನಿನಗೆ. ಮನೆ ಈ ಕಡೆ ಕಣೇ!"

"ಗೊತ್ತು" ಎಂದಳು, ತಿರುಗದೆ.

ಅವಳು ಎಡಕ್ಕೆ ತಿರುಗಿದಳು. ಆ ಕಡೆ ಅಂಗಡಿಯಿಲ್ಲ, ಬಸ್ಸಿಲ್ಲ. ಶಾಲೆಯಿದೆ, ಶಾಲೆ ದಾಟಿದರೆ ಹೋಸಾಕನ ಮನೆಯಿದೆ. ಕುರಾಮಿತ್ಸು ಕೀಲಿ ಹಿಡಿದುಕೊಂಡು ಗಾಡಿಯ ಪಕ್ಕದಲ್ಲಿ ನಿಂತೇ ಇದ್ದ. "ಹೋಗಿ ಕರ್ಕೊಂಡು ಬಾರಯ್ಯಾ, ಏನಾದ್ರೂ ಹೇಳು" ಎಂದು ಯಾಶಿರೊ ಮುನಕಾತನನ್ನು ಮೊಣಕೈಯಿಂದ ತಿವಿದ. ಮುನಕಾತ ಕದಲಲಿಲ್ಲ. ಸುಡುವ ಬಿಸಿಲಿನಲ್ಲಿ ಆ ಹೆಂಗಸು ನಿಲ್ಲದೆ, ಆತುರವೂ ಇಲ್ಲದೆ, ತಾನು ಒಂದು ತಿಂಗಳಿಂದ ಸುತ್ತುಬಳಸಿ ತಪ್ಪಿಸಿಕೊಂಡು ಬಂದ ದಾರಿಯಲ್ಲಿ ನೆಟ್ಟಗೆ ನಡೆದು ಹೋಗುತ್ತಿದ್ದಳು. ಅವಳು ಅಲ್ಲಿ ಹೋಗಿ ಏನು ಹೇಳುತ್ತಾಳೆಂದು ಅವನಿಗೆ ಗೊತ್ತಿತ್ತು, ಅದರಲ್ಲಿ ತನ್ನ ಹೆಸರೂ ಬರುತ್ತದೆಂದು ಗೊತ್ತಿತ್ತು. ಅವನಿಗೆ ಭಯವಾಗಬೇಕಿತ್ತು. ಆದದ್ದು ಅವಳ ಆ ನಡಿಗೆಯ ಮೇಲೆ ಹೊಟ್ಟೆಕಿಚ್ಚು.